ನಾವು ಅಚ್ಚು ಹಾಕಿಸಿದ್ದು ಎಲ್ಲಿ ಉಳಿಯುತ್ತದೆ?

(ಸೊಕ್ಕೆಯ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಮ್ಮ ಮನೆಯ ಅಟ್ಟದಿಂದ ಒಂದು ಗಂಟು ಇಳಿಸಿದೆ. ಗಿರಣಿ ಕಾರ್ಮಿಕರ ಬೇಡಿಕೆಗಳ ಬಗ್ಗೆ ನಮ್ಮ ಹಿರಿಯರು ಅಚ್ಚು ಹಾಕಿಸಿದ್ದ ಪುಸ್ತಿಕೆಗಳು ಅದರಲ್ಲಿದ್ದವು. ಬಿಚ್ಚಿ ನೋಡಿದರೆ ಬರೀ ಗೆದ್ದಲು ಮಣ್ಣು! ಕೂಲಿಯಲ್ಲಿ ಕಾಸು ಉಳಿಸಿ ಅಚ್ಚು ಹಾಕಿಸಿದವರ ಮಾತು ಮಣ್ಣಾಯಿತು. ಮಾಲೀಕರ ವರದಿಗಳಾದರೋ ಕಪಾಟಿನಲ್ಲಿ ಭದ್ರ. ನಾಳೆ ಚರಿತ್ರೆ ಬರೆಯುವವನು ಯಾವುದನ್ನು ಓದಿ ಬರೆದಾನು?

ಇದಕ್ಕೆ ಕಾಯಿದೆಯಲ್ಲೇ ಒಂದು ದಾರಿ ಇದೆ. ಅಚ್ಚಾದ ಪುಸ್ತಕದ ಒಂದು ಪ್ರತಿ ತನ್ನ ಭಂಡಾರಕ್ಕೆ ಬರಬೇಕೆಂದು ಫ್ರಾನ್ಸಿನ ದೊರೆ 1537ರಲ್ಲೇ ಆಜ್ಞೆ ಮಾಡಿದ್ದ. ನಮ್ಮ ದೇಶದಲ್ಲಿ ಬ್ರಿಟಿಷರು 1867ರಲ್ಲಿ ಕಾಯಿದೆ ತಂದರು. 1857ರ ಭಯ ಅವರಿಗಿನ್ನೂ ಹೋಗಿರಲಿಲ್ಲ. ಯಾರು ಏನು ಅಚ್ಚು ಹಾಕುತ್ತಾರೆಂದು ಕಣ್ಣಿಡಲಿಕ್ಕೂ ಅದು ಒದಗಿತು. ಸ್ವತಂತ್ರ ಭಾರತ 1954ರಲ್ಲಿ ಮಾಡಿದ ಕಾಯಿದೆ ಕಾವಲಿಗಲ್ಲ, ಕಾಪಾಡಲಿಕ್ಕೆ.

ಅದರ ಪ್ರಕಾರ ಪ್ರಕಾಶಕನು ಪುಸ್ತಕ ಹೊರಬಂದ 30 ದಿನದೊಳಗೆ, ತನ್ನ ಖರ್ಚಿನಲ್ಲಿ, ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಮದರಾಸಿನ ಕನ್ನೆಮರಾ, ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿಯ ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು. ಕಲ್ಕತ್ತೆಗೆ ಹೋಗುವ ಪ್ರತಿ ಒಳ್ಳೆಯ ಕಾಗದದ್ದಾಗಿರಬೇಕು, ಹೊಲಿದಿರಬೇಕು. ಹರಕು ಮುರುಕು ನಡೆಯದು. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಸೇರಿದವು. ತಪ್ಪಿದರೆ 50 ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ಇಷ್ಟು ದಂಡಕ್ಕೆ ಯಾರು ಹೆದರುತ್ತಾರೆ? ಆದ್ದರಿಂದಲೇ ಎಷ್ಟೋ ಪುಸ್ತಕಗಳು ಅಲ್ಲಿಗೆ ತಲುಪುವುದೇ ಇಲ್ಲ.

ಆದರೆ ಒಂದು ಮಾತು ಗಮನಿಸಿ. ಕಾಯಿದೆಯಲ್ಲಿ ‘ಪುಸ್ತಕ’ ಎಂದರೆ ದಪ್ಪ ಗ್ರಂಥ ಮಾತ್ರವಲ್ಲ. ಕಿರುಪುಸ್ತಿಕೆಯೂ ಪುಸ್ತಕವೇ, ಅದೂ ಯಾವ ಭಾಷೆಯದಾದರೂ ಸರಿ. ಸಂಘ ಹೊರತಂದ ಹದಿನಾರು ಪುಟದ ಕನ್ನಡ ಪುಸ್ತಿಕೆಗೂ ಮಹಾಪಂಡಿತರ ಗ್ರಂಥದ ಪಕ್ಕದಲ್ಲಿ ಜಾಗ ಉಂಟು. ಇದು ಯಾರೂ ಕೊಡುವ ಭಿಕ್ಷೆಯಲ್ಲ.

ಅಂಗಡಿಯವರಿಗೆ ನಾನು ಹೇಳಬೇಕಾಗಿಲ್ಲ. ಕಿರ್ದಿಯಲ್ಲಿ ದೊಡ್ಡ ಗಿರಾಕಿಯ ಲೆಕ್ಕವನ್ನಷ್ಟೇ ಬರೆದು, ಪಾವು ಎಣ್ಣೆ ಒಯ್ದವನನ್ನು ಬಿಟ್ಟರೆ ಸಂಜೆಗೆ ಲೆಕ್ಕ ಕೂಡುತ್ತದೆಯೇ? ಗ್ರಂಥಾಲಯವೆಂಬುದು ದೇಶದ ಕಿರ್ದಿ. ನಮ್ಮ ಬಾಬ್ತನ್ನು ನಾವೇ ಬರೆಸದಿದ್ದರೆ ಇನ್ನಾರು ಬರೆಸುತ್ತಾರೆ?

ಆದ್ದರಿಂದ ನನ್ನ ಸೂಚನೆ ಇಷ್ಟೇ: ಇನ್ನು ಮುಂದೆ ಸಂಘ ಏನೇ ಪುಸ್ತಿಕೆ ಹೊರತಂದರೂ, ಹಂಚುವ ಮೊದಲು ನಾಲ್ಕು ಪ್ರತಿ ತೆಗೆದಿಡೋಣ. ಅಂಚೆ ಖರ್ಚನ್ನು ಅಚ್ಚಿನ ಖರ್ಚಿನಲ್ಲೇ ಸೇರಿಸೋಣ. ಅಟ್ಟದ ಗಂಟು ಗೆದ್ದಲಿನ ಪಾಲಾಯಿತು; ಮುಂದಿನದು ಆಗದಿರಲಿ.