ತೊಟ್ಟಿಲ ಲೆಕ್ಕ, ಸಂಸಾರದ ಲೆಕ್ಕ

(ಮಲಾಡ್ ಪರಿಸರದ ಕನ್ನಡ ಮಹಿಳೆಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಳೆದ ವಾರ್ಷಿಕೋತ್ಸವದ ದಿನ ಇದೇ ವೇದಿಕೆಯಿಂದ ನಮ್ಮ ಹಿರಿಯರೊಬ್ಬರು ಬಹಳ ಕಳಕಳಿಯಿಂದ ಒಂದು ಮಾತನ್ನಾಡಿದರು. ಮುಂಬಯಿಯಲ್ಲಿ ಕನ್ನಡ ಶಾಲೆಗಳು ಬರಿದಾಗುತ್ತಿವೆ, ಯಕ್ಷಗಾನದ ತರಗತಿಗೆ ಮಕ್ಕಳು ದೊರೆಯುತ್ತಿಲ್ಲ, ಆದುದರಿಂದ ನಮ್ಮ ಯುವ ದಂಪತಿಗಳು ಒಂದಕ್ಕೇ ನಿಲ್ಲಿಸದೆ ಮೂರು ಮಕ್ಕಳನ್ನಾದರೂ ಪಡೆಯಬೇಕು ಎಂಬುದು ಅವರ ಮಾತಿನ ಸಾರ. ಜೋರಾದ ಕರತಾಡನವಾಯಿತು. ಅದು ಹೆಚ್ಚಾಗಿ ಗಂಡಸರು ಕುಳಿತ ಸಾಲುಗಳಿಂದ ಬಂದುದನ್ನು ನಾನು ಗಮನಿಸಿದೆ. ನನ್ನ ಪಕ್ಕದಲ್ಲಿದ್ದ, ಲಿಂಕ್ ರೋಡಿನಾಚೆಯ ಕಚೇರಿಯೊಂದರಲ್ಲಿ ರಾತ್ರಿಪಾಳಿ ಮಾಡುವ ತರುಣಿ ಮೆಲ್ಲನೆ, "ಟೀಚರೇ, ಇವರು ಸಾಕಿ ಕೊಡುತ್ತಾರಂತೆಯೋ?" ಎಂದು ಕೇಳಿದಳು. ಇಂದಿನ ಈ ಉಪನ್ಯಾಸ ಹುಟ್ಟಿದ್ದು ಅವಳ ಆ ಪ್ರಶ್ನೆಯಿಂದ.

ಹಿರಿಯರದು ಒಂಟಿ ದನಿಯೇನಲ್ಲ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಪಡೆಯಿರೆಂದು ಕರೆಯಿತ್ತರು. ಆಗ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅವರು ಅದೇ ತಿಂಗಳು ಮದುವೆಯ ಸಮಾರಂಭವೊಂದರಲ್ಲಿ ಹದಿನಾರು ಮಕ್ಕಳ ಮಾತೆತ್ತಿದರು. ಆ ವಿನೋದದ ಹಿಂದೆ ಒಂದು ನಿಜವಾದ ಆತಂಕವಿದೆ. 1976ರ 42ನೆಯ ತಿದ್ದುಪಡಿ ಲೋಕಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವಾಗ 1971ರ ಜನಗಣತಿಯನ್ನೇ ಆಧಾರವಾಗಿ ನಿಲ್ಲಿಸಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಪಾಲಿಸಿದ ರಾಜ್ಯಗಳು ಅದಕ್ಕಾಗಿಯೇ ದಂಡ ತೆರಬಾರದು ಎಂಬುದು ಅಂದಿನ ವಿಚಾರ. ಆ ಲೆಕ್ಕ ಬದಲಾದರೆ ದಕ್ಷಿಣದ ದನಿ ಕುಗ್ಗೀತೆಂಬ ಭಯ ನನಗೂ ಇದೆ. ಆದರೆ ಅದು ಸಂಸತ್ತಿನಲ್ಲಿ ಕೇಳಬೇಕಾದ ನ್ಯಾಯ. ಅದರ ಪರಿಹಾರವನ್ನು ಹೆರಿಗೆ ಕೋಣೆಯಲ್ಲಿ ಹುಡುಕುವುದು ಯಾವ ನ್ಯಾಯ?

ಮೊದಲಿಗೆ ಕೆಲವು ಅಂಕಿಗಳು, ಹೆಚ್ಚು ಬೇಸರಪಡಿಸುವುದಿಲ್ಲ. ಈ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಮ್ಮದೇ ನಗರದ ದೇವನಾರಿನಲ್ಲಿದೆ, 1956ರಲ್ಲಿ ಸ್ಥಾಪನೆಯಾದದ್ದು. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ದೇಶದಲ್ಲಿ ಹೆಣ್ಣೊಬ್ಬಳು ತನ್ನ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ 3.4 ಇತ್ತು. 2019-21ರ ಐದನೆಯ ಸಮೀಕ್ಷೆಯಲ್ಲಿ ಅದು 2.0ಕ್ಕೆ ಇಳಿಯಿತು. ಕರ್ನಾಟಕದಲ್ಲಿ 1.7, ಮಹಾರಾಷ್ಟ್ರದಲ್ಲಿಯೂ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕೆನ್ನುತ್ತಾರೆ. ಅದೇ ಸಮೀಕ್ಷೆಯಲ್ಲಿ ಬಿಹಾರದ ಅಂಕಿ 3.0. ಇದನ್ನು ಕೇಳಿದೊಡನೆ ಕೆಲವರು ಜಾತಿ ಮತಗಳ ಕಡೆಗೆ ಬೆರಳು ತೋರಿಸುತ್ತಾರೆ. ಆದರೆ ಇನ್ನೊಂದು ಅಂಕಿಯನ್ನೂ ನೋಡಬೇಕು. ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಣ್ಣುಮಕ್ಕಳಲ್ಲಿ ಈ ಸರಾಸರಿ 2.8, ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರಲ್ಲಿ 1.8.

ಇನ್ನು ನನ್ನ ಮನೆಯ ಲೆಕ್ಕಕ್ಕೆ ಬರುತ್ತೇನೆ. ನನ್ನ ತಾಯಿ ಉಡುಪಿಯ ಸಮೀಪದ ಹಳ್ಳಿಯಲ್ಲಿ ಒಂಬತ್ತು ಮಕ್ಕಳನ್ನು ಹೆತ್ತವರು. ಉಳಿದವರು ಆರು ಮಂದಿ. ಅಷ್ಟೊಂದು ಯಾಕೆ ಅಮ್ಮ ಎಂದು ನಾನು ಒಮ್ಮೆ ಕೇಳಿದ್ದೆ. "ಯಾವುದು ಉಳಿಯುತ್ತದೆಂದು ಮೊದಲೇ ಗೊತ್ತಿತ್ತಾ ಮಗಾ?" ಎಂದರು. ಮಕ್ಕಳು ಬದುಕಿ ಉಳಿಯುವ ಧೈರ್ಯ ಬಾರದೆ ಯಾವ ತಾಯಿಯೂ ಹೆರುವುದನ್ನು ಕಡಿಮೆ ಮಾಡಲಾರಳು. ಚುಚ್ಚುಮದ್ದು, ದಾದಿಯರು, ಶುದ್ಧ ನೀರು ಬಂದ ಮೇಲೆಯೇ ಚಿಕ್ಕ ಸಂಸಾರದ ಮಾತು ಕಿವಿಗೆ ಬಿದ್ದದ್ದು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ನನ್ನ ದೊಡ್ಡಣ್ಣ ಹನ್ನೆರಡರ ಪ್ರಾಯದಲ್ಲಿ ಮುಂಬಯಿಯ ಹೋಟೆಲೊಂದಕ್ಕೆ ತಟ್ಟೆ ತೊಳೆಯಲು ಬಂದ. ತಿಂಗಳು ತಿಂಗಳೂ ಅವನ ಮನಿಯಾರ್ಡರು ಊರಿಗೆ ಬರುತ್ತಿತ್ತು. ಗದ್ದೆಯ ಗೇಣಿ, ಅಕ್ಕನ ಮದುವೆ, ನನ್ನ ಹೈಸ್ಕೂಲಿನ ಫೀಸು, ಎಲ್ಲವೂ ಅದರಿಂದ. ಆ ಮನೆಗೆ ಮಗು ಎಂದರೆ ಆದಾಯ. ಅಂಚೆಯವನ ಚೀಲದಲ್ಲಿ ಹಣ ಮಕ್ಕಳಿಂದ ತಂದೆತಾಯಿಗಳ ಕಡೆಗೆ ಹರಿಯುತ್ತಿತ್ತು. ಅದೇ ಅಣ್ಣ ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತನಾಗಿ, ಮಲಾಡ್ ಪೂರ್ವದ ಚಾಳಿನಲ್ಲಿ ಖೋಲಿ ಹಿಡಿದು ಸಂಸಾರ ಹೂಡಿದಾಗ ಆ ಹೊಳೆ ತಿರುಗಿ ಹರಿಯತೊಡಗಿತು. ಅವನ ಮಗ ಇಪ್ಪತ್ತಮೂರು ವರ್ಷದವನಾಗುವವರೆಗೂ ಒಂದು ಕಾಸು ದುಡಿದವನಲ್ಲ. ಶಾಲೆಯ ಡೊನೇಶನ್, ಟ್ಯೂಷನ್, ಕಾಲೇಜು ಎಲ್ಲಕ್ಕೂ ಹಣ ಇಳಿದದ್ದು ತಂದೆಯಿಂದ ಮಗನ ಕಡೆಗೆ. ಆಸ್ಟ್ರೇಲಿಯದ ಜನಸಂಖ್ಯಾ ವಿದ್ವಾಂಸ ಜಾನ್ ಕಾಲ್ಡ್‌ವೆಲ್ 1976ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು: ಸಂಪತ್ತು ಮಕ್ಕಳಿಂದ ಹಿರಿಯರತ್ತ ಹರಿಯುವಲ್ಲಿ ಮಕ್ಕಳು ಹೆಚ್ಚು, ಹಿರಿಯರಿಂದ ಮಕ್ಕಳತ್ತ ಹರಿಯತೊಡಗಿದಲ್ಲಿ ಕಡಿಮೆ. ಮುಂದೆ ಅವರು ಪತ್ನಿ ಪ್ಯಾಟ್ ಹಾಗೂ ಬೆಂಗಳೂರಿನ ಪಿ. ಎಚ್. ರೆಡ್ಡಿಯವರೊಡನೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1988ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅವರು ಹಳ್ಳಿಗಳಲ್ಲಿ ಕಂಡ ಮಾತು ನನಗೆ ಅಣ್ಣನ ಡಬ್ಬಿಯಲ್ಲಿದ್ದ ಮನಿಯಾರ್ಡರ್ ರಶೀದಿಗಳಲ್ಲಿ ಕಾಣುತ್ತದೆ.

ಖೋಲಿಯ ಮಾತೂ ಸಣ್ಣದಲ್ಲ. ಮದುವೆಯಾಗಿ ನಾನು ಈ ಊರಿಗೆ ಬಂದಾಗ ಹತ್ತಡಿ ಹನ್ನೆರಡಡಿಯ ಒಂದೇ ಕೋಣೆಯಲ್ಲಿ ನಾವಿಬ್ಬರು, ಅತ್ತೆ, ಮೈದುನ, ಅಲ್ಲದೆ ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಒಬ್ಬರಲ್ಲ ಒಬ್ಬರು. ನೀರು ಬರುವುದು ನಸುಕಿನಲ್ಲಿ, ಪಾಯಿಖಾನೆಗೆ ಸಾಲು. ಎರಡನೆಯ ಮಗುವಿಗೆ ಏಳು ವರ್ಷ ತಡೆದದ್ದು ಯಾವ ಪ್ರಚಾರದ ಕೆಂಪು ತ್ರಿಕೋನ ನೋಡಿಯೂ ಅಲ್ಲ. ತೊಟ್ಟಿಲು ಕಟ್ಟಲು ಜಾಗವಿರಲಿಲ್ಲ. ಇಂದಿನವರಿಗೆ ಚಾಳಿನ ಬದಲು ಇಪ್ಪತ್ತು ವರ್ಷದ ಕಂತಿನ ಫ್ಲಾಟಿದೆ, ಆದರೆ ಆ ಕಂತು ಕಟ್ಟಲು ಇಬ್ಬರೂ ದುಡಿಯಲೇಬೇಕು. ಚರ್ಚ್‌ಗೇಟಿನ ಗಾಡಿಯಲ್ಲಿ ನೇತಾಡಿ ಮರಳುವ ಸೊಸೆಗೆ ಮೂರನೆಯದರ ಉಪದೇಶ ಮಾಡಲು ನನಗಂತೂ ಬಾಯಿ ಬರುವುದಿಲ್ಲ.

ಊರಿನಲ್ಲಿಯೂ ಬದಲಾವಣೆ ನಡೆದೇ ಇತ್ತು. ಅಳಿಯಸಂತಾನದ ಮನೆಗಳಲ್ಲಿ ಹೆಣ್ಣು ಹುಟ್ಟಿದರೆ ಕವರು ಬೆಳೆಯಿತೆಂಬ ಸಂತೋಷವಿತ್ತು. ಹುಡುಗಿಯರನ್ನು ಶಾಲೆಗೆ ಕಳುಹಿಸಲು ಇತರ ಕಡೆಗಳಷ್ಟು ಅಡ್ಡಿಯಿರಲಿಲ್ಲ. 1974ರ ಭೂಸುಧಾರಣೆಯ ಬಳಿಕ ಗೇಣಿದಾರ ಒಡೆಯನಾದ, ಹಳೆಯ ಒಡೆಯರು ಮಕ್ಕಳ ಓದಿನ ಕಡೆಗೆ ತಿರುಗಿದರು. ಬೀಡಿ ಕಟ್ಟುವ ಹುಡುಗಿಯರು ಸ್ವಂತ ಸಂಪಾದನೆಯಿಂದ ಚಿನ್ನ ಮಾಡಿಸಿಕೊಂಡರು. ಮದುವೆಯ ಪ್ರಾಯ ಮುಂದೆ ಹೋಯಿತು. 2011ರ ಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದರು. ಇದನ್ನು ಕೇಳಿ ಹಿಗ್ಗುವವರಿಗೆ ನಾನು ಹೇಳುವುದಿಷ್ಟೆ, ಕಾಣೆಯಾದ ಆ ಗಂಡಸರಲ್ಲಿ ಎಷ್ಟೋ ಮಂದಿ ಇಲ್ಲಿಯೇ ಕುಳಿತಿದ್ದೀರಿ.

ಸಂತಾನ ನಿಯಂತ್ರಣವನ್ನು ಪರದೇಶದವರು ನಮ್ಮ ಮೇಲೆ ಹೇರಿದರೆಂಬ ಮಾತೂ ಆಗಾಗ ಕೇಳಿಬರುತ್ತದೆ. ಈ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ಅದಕ್ಕಾಗಿ ಚಿಕಿತ್ಸಾಲಯ ತೆರೆದದ್ದು 1921ರಲ್ಲಿ. ಅವರ ಪತ್ರಿಕೆಯ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಂದಾಗ ನ್ಯಾಯಾಲಯದಲ್ಲಿ ವಾದಿಸಿದವರು ಡಾ. ಅಂಬೇಡ್ಕರರು. ಮೈಸೂರು ಸಂಸ್ಥಾನ 1930ರಲ್ಲಿಯೇ ಸರಕಾರಿ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣ ಕೇಂದ್ರಗಳಿಗೆ ಅಪ್ಪಣೆಯಿತ್ತಿತು. ಹೇರಿಕೆ ಬಂದದ್ದು ಆಮೇಲೆ, ತುರ್ತುಪರಿಸ್ಥಿತಿಯಲ್ಲಿ, ಗಂಡಸರ ಮೇಲೆ. ಅದರ ಸಿಟ್ಟನ್ನು ಅವರು ಇಂದಿಗೂ ಬಿಟ್ಟಿಲ್ಲ. 2019-21ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಣ್ಣುಮಕ್ಕಳು ನೂರಕ್ಕೆ ಸುಮಾರು 38, ಗಂಡಸರು ನೂರಕ್ಕೆ ಅರ್ಧವೂ ಇಲ್ಲ.

ಚಿಕ್ಕ ಸಂಸಾರವೆಲ್ಲ ಚೊಕ್ಕ ಎಂದೂ ನಾನು ಹೇಳಲಾರೆ. ಇರುವ ಒಂದೆರಡರಲ್ಲಿ ಗಂಡೇ ಆಗಬೇಕೆಂಬ ಹಟ ಸೇರಿದಾಗ ಏನಾಯಿತೆಂಬುದನ್ನು ಈ ರಾಜ್ಯ ಕಂಡಿದೆ. ಭ್ರೂಣದ ಲಿಂಗಪರೀಕ್ಷೆಯ ವಿರುದ್ಧ ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ಮಹಾರಾಷ್ಟ್ರ, 1988ರಲ್ಲಿ. ಆದರೂ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 2001ರಲ್ಲಿ 913 ಇದ್ದ ಹೆಣ್ಣುಮಕ್ಕಳು 2011ಕ್ಕೆ 894 ಆದರು.

ಈಗ ಹಿರಿಯರ ಶಾಲೆಯ ಮಾತು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕೂಗಿದವಳು ನಾನು. ಮೊದಲ ವರ್ಷಗಳಲ್ಲಿ ಒಂದೇ ಮನೆಯ ಮೂರು ನಾಲ್ಕು ಮಕ್ಕಳು ಬೇರೆ ಬೇರೆ ತರಗತಿಗಳಲ್ಲಿ ಇರುತ್ತಿದ್ದರು. ಬಳಿಕ ಎರಡಾಯಿತು. ಆದರೆ ಎರಡು ಸೊನ್ನೆಯಾದದ್ದು ಜನನ ಪ್ರಮಾಣದಿಂದಲ್ಲ. ಆ ಇಬ್ಬರನ್ನೂ ನಾವು ಇಂಗ್ಲಿಷ್ ಶಾಲೆಗೆ ಸೇರಿಸಿದೆವು. ನಾನೂ ಸೇರಿಸಿದೆ. ಖಾಲಿಯಾದ ಬೆಂಚುಗಳಿಗೆ ಕಲಬುರ್ಗಿ, ವಿಜಾಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಬಂದರು. ಅವರ ಮನೆಗಳಲ್ಲಿ ನಾಲ್ಕೈದು ಮಕ್ಕಳು. ಐದನೆಯ ತರಗತಿಯ ಒಬ್ಬ ಹುಡುಗಿ ವಾರಕ್ಕೆ ಎರಡೇ ದಿನ ಬರುತ್ತಿದ್ದಳು. ವಿಚಾರಿಸಲು ಹೋದರೆ, ಅವ್ವ ಮೂರನೆಯ ಮಹಡಿಗೆ ಇಟ್ಟಿಗೆ ಹೊರುತ್ತಿದ್ದಳು. ಈಕೆ ಮರಳಿನ ರಾಶಿಯ ಪಕ್ಕದಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. "ಇಕಿನ್ನ ಸಾಲಿಗಿ ಕಳಸಿದ್ರ ಕೂಸಿನ್ನ ಯಾರ್ ನೋಡ್ಕೋತಾರ್ರೀ ಟೀಚರ?" ಎಂದು ಅವ್ವ ಕೇಳಿದಳು. ಹುಡುಗಿ ಮರುವರ್ಷ ಬರಲಿಲ್ಲ. ಕನ್ನಡದ ಮಕ್ಕಳು ಕಡಿಮೆಯಾದರೆಂದು ನಾವು ಮರುಗುತ್ತಿದ್ದಾಗ, ಹುಟ್ಟಿ ಎದುರಿಗೇ ನಿಂತಿದ್ದ ಕನ್ನಡದ ಮಗುವನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ.

ಕರೆಯಿಂದ ಮಕ್ಕಳು ಹುಟ್ಟುವುದಿಲ್ಲ. ದಕ್ಷಿಣ ಕೊರಿಯದ ಸರಕಾರ ವರ್ಷಗಟ್ಟಲೆ ಹಣ ಸುರಿದರೂ 2023ರಲ್ಲಿ ಅಲ್ಲಿಯ ಸರಾಸರಿ 0.72ಕ್ಕೆ ಇಳಿಯಿತು. ಮನೆಯ ಬೆಲೆ, ಟ್ಯೂಷನ್ನಿನ ಖರ್ಚು, ಕೆಲಸ ಮುಗಿಸಿ ಬಂದ ಹೆಣ್ಣಿನ ಮೇಲೆಯೇ ಬೀಳುವ ಮನೆಗೆಲಸ, ಇವುಗಳ ಎದುರು ಸಹಾಯಧನ ಸೋತಿತು. ನಮ್ಮಲ್ಲಿ 2017ರ ಹೆರಿಗೆ ಸೌಲಭ್ಯ ಕಾಯಿದೆಯ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಕೊಟ್ಟಿತು, ಮೂರನೆಯದಕ್ಕೆ 12 ವಾರ ಮಾತ್ರ. ಐವತ್ತು ಮಂದಿ ದುಡಿಯುವಲ್ಲಿ ಶಿಶುವಿಹಾರ ಇರಬೇಕೆಂದಿತು. ನಿಮ್ಮ ಮಗಳ ಕಚೇರಿಯಲ್ಲಿ ಅದಿದೆಯೇ ಎಂದು ಇಂದು ಮನೆಗೆ ಹೋಗಿ ಕೇಳಿ ನೋಡಿ.

ಅಧ್ಯಕ್ಷರಲ್ಲಿ ನನ್ನ ವಿನಂತಿ ಒಂದೇ. ನಮ್ಮ ಈ ಸಭಾಗೃಹ ಸೋಮವಾರದಿಂದ ಶುಕ್ರವಾರದವರೆಗೆ ಹಗಲೆಲ್ಲ ಬೀಗ ಹಾಕಿಕೊಂಡಿರುತ್ತದೆ. ಇಲ್ಲೊಂದು ಪಾಳಣಾಘರ್ ತೆರೆಯೋಣ. ಕಚೇರಿಯವರ ಮಗುವಿಗೂ ಕಟ್ಟಡ ಕೆಲಸದವರ ಕೂಸಿಗೂ ಒಂದೇ ಚಾಪೆ, ಆಡುವ ಮಾತು ಕನ್ನಡ. ನನ್ನಂತಹ ನಿವೃತ್ತರು ನಾಲ್ಕೈದು ಮಂದಿ ಸರದಿಯಲ್ಲಿ ಬರಲು ಒಪ್ಪಿದ್ದೇವೆ. ಕಳೆದ ಸಭೆಯಲ್ಲಿ ಮಾತನಾಡಿದ ಹಿರಿಯರ ಹೆಸರನ್ನು ಅವರನ್ನು ಕೇಳದೆಯೇ ಬುಧವಾರದ ಸರದಿಗೆ ಬರೆದಿದ್ದೇನೆ. ಅವರು ಇಲ್ಲೇ ಇದ್ದಾರೆ, ಬೇಡವೆಂದರೆ ಈಗಲೇ ಹೇಳಬಹುದು.