ಗುರುಗ್ರಹದಲ್ಲಿ ಕೊರೆಸಿದ ಒಂದು ಬೋರು

(2025ರ ಜನವರಿಯಲ್ಲಿ ನಡೆದ ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸ್ವಾಗತ ಸಮಿತಿಯವರು ನನಗೆ ಎರಡು ಷರತ್ತು ಹಾಕಿದ್ದಾರೆ. ವಿಜ್ಞಾನದ ವಿಷಯ ಆಗಬೇಕು, ಎಲ್ಲರಿಗೂ ತಿಳಿಯಬೇಕು. ಮೂರನೆಯ ಷರತ್ತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅಡುಗೆ ಶೆಡ್ಡಿನಿಂದ ಬರುತ್ತಿರುವ ಹುಳಿಯ ವಾಸನೆಯೇ ಅದನ್ನು ಹೇಳುತ್ತಿದೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

1989ರಲ್ಲಿ ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದೆ. ದಸರಾ ರಜೆ ಮುಗಿಸಿ ಬಂದಾಗ ಆಫೀಸ್ ರೂಮಿನ ಪಕ್ಕದ ಸೂಚನಾ ಫಲಕದಲ್ಲಿ ಒಂದು ಪತ್ರಿಕೆಯ ತುಣುಕು ಅಂಟಿಸಿತ್ತು. ಅಮೆರಿಕದವರು ‘ಗೆಲಿಲಿಯೊ’ ಎಂಬ ನೌಕೆಯನ್ನು ಗುರುಗ್ರಹಕ್ಕೆ ಕಳಿಸಿದ್ದಾರೆ ಎಂಬ ಸುದ್ದಿ ಅದು. ಅಂಟಿಸಿದವರು ನಮ್ಮ ವಿಜ್ಞಾನದ ಮೇಷ್ಟ್ರು, ಅಲ್ಲಿ ಮೊದಲ ಸಾಲಿನಲ್ಲೇ ಕೂತಿದ್ದಾರೆ. ‘ಇದು ಗುರುವನ್ನು ಮುಟ್ಟುವುದಕ್ಕೆ ಆರು ವರ್ಷ ಬೇಕು ಕಣ್ರೋ, ಅಷ್ಟು ಹೊತ್ತಿಗೆ ನೀವೆಲ್ಲ ಎಲ್ಲೆಲ್ಲಿ ಇರ್ತೀರೋ’ ಎಂದಿದ್ದರು. ಅದು ಮುಟ್ಟಿದ ದಿನ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಇವತ್ತು ಹೇಳಹೊರಟಿರುವುದು ಆ ನೌಕೆಯ ಕಥೆ. ಅದರಲ್ಲೂ ಅದು ಹೊಟ್ಟೆಯಲ್ಲಿ ಹೊತ್ತು ಒಯ್ದ ಇನ್ನೊಂದು ಚಿಕ್ಕ ನೌಕೆಯ ಕಥೆ. ಅದನ್ನು ಮರಿನೌಕೆ ಎಂದು ಕರೆಯುತ್ತೇನೆ.

ಗುರುಗ್ರಹದಲ್ಲಿ ಕಾಲೂರಲು ನೆಲವಿಲ್ಲ. ನಮ್ಮ ಭೂಮಿಯನ್ನು ಹನ್ನೊಂದು ಸಾಲಾಗಿ ಇಟ್ಟರೆ ಅದರ ಅಗಲ. ಆದರೆ ಹೊರಗೆಲ್ಲ ಬರೀ ಗಾಳಿ, ಜಲಜನಕ ಮತ್ತು ಹೀಲಿಯಂ. ಒಳಗೆ ಹೋದಂತೆಲ್ಲ ಒತ್ತಡ, ಬಿಸಿ ಎರಡೂ ಏರುತ್ತವೆ. ಅಲ್ಲಿಗೆ ಹೋದ ಯಂತ್ರ ವಾಪಸು ಬರುವ ಮಾತಿಲ್ಲ. ಸಾಯುವುದಕ್ಕೆ ಮುಂಚೆ ಎಷ್ಟು ಹೇಳುತ್ತದೋ ಅಷ್ಟೇ ಲಾಭ.

ದಾರಿಯಲ್ಲೇ ಕಷ್ಟ ಶುರುವಾಯಿತು. ತಾಯಿನೌಕೆಗೆ ಸುಮಾರು ಹದಿನಾರು ಅಡಿ ಅಗಲದ ಒಂದು ಆಂಟೆನಾ ಇತ್ತು. ಕೊಡೆಯ ಹಾಗೆ ಮಡಚಿಟ್ಟು, ಆಕಾಶಕ್ಕೆ ಹೋದ ಮೇಲೆ ಬಿಚ್ಚುವಂಥದ್ದು. 1991ರ ಏಪ್ರಿಲ್‌ನಲ್ಲಿ ಬಿಚ್ಚಲು ಹೋದರೆ ಕೊಡೆಯ ಕೆಲವು ಕಡ್ಡಿಗಳು ಸಿಕ್ಕಿಕೊಂಡವು. ಕಾರಣ ಕೇಳಿದರೆ ನಗು ಬರುತ್ತದೆ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಜನ ತೀರಿಕೊಂಡ ಮೇಲೆ ಈ ಯಾನವೂ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆ ಅವಧಿಯಲ್ಲಿ ನೌಕೆಯನ್ನು ಕ್ಯಾಲಿಫೋರ್ನಿಯಾದಿಂದ ಫ್ಲೋರಿಡಾಕ್ಕೆ, ಅಲ್ಲಿಂದ ಇಲ್ಲಿಗೆ ಲಾರಿಯಲ್ಲಿ ಸಾಗಿಸುತ್ತಿದ್ದರು. ಆ ಕುಲುಕಾಟದಲ್ಲಿ ಕಡ್ಡಿಗಳ ಸಂದಿಗೆ ಹಚ್ಚಿದ್ದ ಜಾರುಪುಡಿ ಸವೆದುಹೋಗಿರಬೇಕು ಎಂದು ತನಿಖೆ ಮಾಡಿದವರು ಹೇಳಿದರು. ನಮ್ಮೂರಿನ ರಸ್ತೆಯನ್ನು ಬೈಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆಂಟೆನಾವನ್ನು ಬಿಸಿ ಮಾಡಿದರು, ತಣ್ಣಗೆ ಮಾಡಿದರು, ಮೋಟಾರನ್ನು ಸುತ್ತಿಗೆಯ ಹಾಗೆ ತಟ್ಟಿ ತಟ್ಟಿ ನೋಡಿದರು. ಬಿಚ್ಚಲೇ ಇಲ್ಲ. ಸೆಕೆಂಡಿಗೆ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಬಿಟ್ ಮಾಹಿತಿ ಕಳಿಸಬೇಕಾಗಿದ್ದ ನೌಕೆ, ಇನ್ನೊಂದು ಚಿಕ್ಕ ಆಂಟೆನಾದಿಂದ ನೂರರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ ಕಳಿಸುವ ಸ್ಥಿತಿಗೆ ಬಂತು. ಸಾಲದ್ದಕ್ಕೆ 1995ರ ಅಕ್ಟೋಬರ್‌ನಲ್ಲಿ, ಗುರು ಇನ್ನೇನು ಎರಡು ತಿಂಗಳ ದಾರಿ ಎನ್ನುವಾಗ, ಟೇಪ್ ರೆಕಾರ್ಡರ್ ಕೈಕೊಟ್ಟಿತು. ಮರಿನೌಕೆ ಹೇಳಿದ್ದನ್ನೆಲ್ಲ ಆ ಟೇಪಿನಲ್ಲೇ ಹಿಡಿದಿಟ್ಟು ಆಮೇಲೆ ನಿಧಾನವಾಗಿ ಭೂಮಿಗೆ ಕಳಿಸಬೇಕಿತ್ತು. ಹೇಗೋ ಟೇಪ್ ಮತ್ತೆ ಓಡಿತು. ಆದರೆ ನಂಬಿಕೆ ಹೋಗಿತ್ತು. ಗುರುವಿನ ಉಪಗ್ರಹಗಳಾದ ಅಯೊ, ಯೂರೋಪಾಗಳ ಚಿತ್ರವನ್ನು ಅದೇ ದಿನ ಹತ್ತಿರದಿಂದ ತೆಗೆಯುವ ಯೋಜನೆ ಇತ್ತು. ಅದಕ್ಕಾಗಿ ವರ್ಷಗಟ್ಟಲೆ ಕಾದವರಿದ್ದರು. ಟೇಪನ್ನು ಮರಿನೌಕೆಗೇ ಮೀಸಲಿಡೋಣ ಎಂದು ಅದನ್ನು ಬಿಟ್ಟುಕೊಟ್ಟರು. ಆ ನಿರ್ಧಾರ ತೆಗೆದುಕೊಂಡವರ ರಾತ್ರಿ ಹೇಗಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮರಿನೌಕೆಯನ್ನು ಜುಲೈ 13ರಂದೇ ಬಿಟ್ಟಾಗಿತ್ತು, ಗುರು ಇನ್ನೂ ಎಂಟು ಕೋಟಿ ಕಿಲೋಮೀಟರ್ ದೂರವಿದ್ದಾಗ. ಅದರ ತೂಕ 339 ಕೆ.ಜಿ., ಅಂದರೆ ಒಂದು ಎತ್ತಿನಷ್ಟು. ಅಗಲ ನಾಲ್ಕು ಅಡಿ. ಎಂಜಿನ್ ಇಲ್ಲ, ಚುಕ್ಕಾಣಿ ಇಲ್ಲ. ಬಿಟ್ಟ ಮೇಲೆ ಭೂಮಿಯಿಂದ ಅದಕ್ಕೆ ಏನನ್ನೂ ಹೇಳುವ ಹಾಗಿಲ್ಲ. ಬುಗುರಿಯಂತೆ ತಿರುಗುತ್ತ ಐದು ತಿಂಗಳು ಕತ್ತಲಲ್ಲಿ ಒಂದೇ ಹೋಗಬೇಕು. ಗುರುವಿನ ಗಾಳಿಯನ್ನು ಅದು ಸುಮಾರು ಎಂಟೂವರೆ ಡಿಗ್ರಿ ಓರೆಯಲ್ಲಿ ಹೊಗಬೇಕು. ಓರೆ ಕಡಿಮೆಯಾದರೆ ಕೆರೆಗೆ ಬೀಸಿದ ಚಪ್ಪಟೆ ಕಲ್ಲಿನ ಹಾಗೆ ಹಾರಿಹೋಗುತ್ತದೆ, ಹೆಚ್ಚಾದರೆ ಜಜ್ಜಿ ಸುಟ್ಟುಹೋಗುತ್ತದೆ. ಹೊಗುವುದಕ್ಕೆ ಆರು ಗಂಟೆ ಮೊದಲು ಒಳಗಿನ ಗಡಿಯಾರ ಅದನ್ನು ಎಬ್ಬಿಸಿತು.

ಅವರ ಲೆಕ್ಕದಲ್ಲಿ ಡಿಸೆಂಬರ್ 7, ನಮಗೆ 8ರ ನಸುಕು. ವೇಗ ಸೆಕೆಂಡಿಗೆ 47 ಕಿಲೋಮೀಟರ್. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮೂರೇ ಸೆಕೆಂಡು. ಗಾಳಿಗೆ ತಾಗಿದ ಕೂಡಲೇ ಅದರ ಮುಂದಿನ ಅನಿಲ ಸೂರ್ಯನ ಮೇಲ್ಮೈಗಿಂತ ಹೆಚ್ಚು ಕಾಯಿತು. ತಡೆಯ ಹೊಡೆತ ಎಷ್ಟಿತ್ತೆಂದರೆ ಐವತ್ತು ಕೆ.ಜಿ. ತೂಗುವವರು ಅಲ್ಲಿದ್ದರೆ ಹನ್ನೊಂದು ಟನ್ ತೂಗುತ್ತಿದ್ದರು. 152 ಕೆ.ಜಿ.ಯ ಶಾಖರಕ್ಷಾ ಕವಚದಲ್ಲಿ ಸುಮಾರು 80 ಕೆ.ಜಿ. ಉರಿದುಹೋಯಿತು. ಆಮೇಲೆ ಪ್ಯಾರಾಚೂಟ್ ಬಿಚ್ಚಬೇಕು. ತಂತಿ ಜೋಡಣೆಯಲ್ಲಿ ಆಗಿದ್ದ ಒಂದು ತಪ್ಪಿನಿಂದ 53 ಸೆಕೆಂಡು ತಡವಾಯಿತು, ಆದರೆ ಬಿಚ್ಚಿತು. ಅಲ್ಲಿಂದ 57 ನಿಮಿಷ ಚಿಲ್ಲರೆ ಅದು ಮಾತಾಡಿತು. ಸುಮಾರು 150 ಕಿಲೋಮೀಟರ್ ಇಳಿದಿತ್ತು. ಅಲ್ಲಿನ ಒತ್ತಡ ನಮ್ಮ ನೆಲದ ಮೇಲಿನದರ 22 ಪಟ್ಟು, ಬಿಸಿ 150 ಡಿಗ್ರಿಯ ಮೇಲೆ. ಅಲ್ಲಿಗೆ ದನಿ ನಿಂತಿತು. ಕೇಂದ್ರಕ್ಕೆ ಇನ್ನೂ ಎಪ್ಪತ್ತು ಸಾವಿರ ಕಿಲೋಮೀಟರ್ ಉಳಿದಿತ್ತು. ತೆಂಗಿನಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದ ಹಾಗೆ.

ಅಷ್ಟು ಹೊತ್ತೂ ನಾನು ಹಾಸ್ಟೆಲಿನಲ್ಲಿ ಗೊರಕೆ ಹೊಡೆಯುತ್ತಿದ್ದೆ. ಅದು ಕಳಿಸಿದ ಒಟ್ಟು ಮಾಹಿತಿ ಮೂವತ್ತೈದು ಲಕ್ಷ ಬಿಟ್. ಇವತ್ತು ನೀವು ಮೊಬೈಲಿನಲ್ಲಿ ಈ ವೇದಿಕೆಯ ಒಂದು ಫೋಟೋ ತೆಗೆದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಈಗ ನಿಜವಾದ ವಿಷಯ. ಅವರು ಮುಖ್ಯವಾಗಿ ಹುಡುಕಲು ಹೋಗಿದ್ದರಲ್ಲಿ ನೀರು ಒಂದು. ಗುರುವಿನಲ್ಲಿ ಮೇಲೆ ಅಮೋನಿಯ ಮೋಡ, ಅದರ ಕೆಳಗೆ ಗಂಧಕ ಬೆರೆತ ಇನ್ನೊಂದು ಮೋಡ, ಅದಕ್ಕೂ ಕೆಳಗೆ ದಟ್ಟ ನೀರಿನ ಮೋಡ ಇರಬೇಕು ಎಂದು ಲೆಕ್ಕ ಹಾಕಿದ್ದರು. ಎಷ್ಟು ನೀರಿದೆ ಎಂದು ಗೊತ್ತಾದರೆ ಗುರು ಹುಟ್ಟಿದ್ದು ಹೇಗೆ, ಎಷ್ಟು ಹಿಮವನ್ನು ನುಂಗಿ ಬೆಳೆಯಿತು ಎಂಬುದು ಗೊತ್ತಾಗುತ್ತದೆ. ಮರಿನೌಕೆ ಇಳಿಯಿತು, ಇಳಿಯಿತು, ದಟ್ಟ ನೀರಿನ ಮೋಡ ಸಿಗಲೇ ಇಲ್ಲ. ಗಾಳಿ ಒಣಗಿತ್ತು.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಬೇಕು. 1993ರ ಬೇಸಿಗೆಯಲ್ಲಿ ನಮ್ಮಪ್ಪ ಸಾಲ ಮಾಡಿ ನಮ್ಮ ಎರಡೆಕರೆಯಲ್ಲಿ ಬೋರು ಕೊರೆಸಿದರು. ಇನ್ನೂರು ಅಡಿ ಹೋದರೂ ಬಿಳಿ ಪುಡಿ ಬಿಟ್ಟರೆ ಏನೂ ಬರಲಿಲ್ಲ. ರಾತ್ರಿ ಲಾರಿಯವರು ಪೈಪು ಕಳಚಿ ಹೊರಟರು. ‘ಈ ನೆಲದಲ್ಲಿ ನೀರಿಲ್ಲ’ ಎಂದರು ಅಪ್ಪ. ಮುಂದಿನ ವರ್ಷ ಸಾಲ ತೀರಿಸಲು ಆ ಹೊಲ ಮಾರಿದರು. ಕೊಂಡವರು ನಲವತ್ತು ಮಾರು ಆಚೆ ಕೊರೆಸಿದರೆ ಎರಡಿಂಚು ನೀರು ಬಂತು. ಕೊಂಡವರೂ ಇಲ್ಲೇ ಕೂತಿದ್ದಾರೆ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಪ್ರತಿ ಯುಗಾದಿಗೆ ತೆಂಗಿನಕಾಯಿ ಕಳಿಸುತ್ತಾರೆ. ಅಪ್ಪ ಮಾತ್ರ ಕೊನೆಯವರೆಗೆ ಆ ದಾರಿಯಲ್ಲಿ ನಡೆಯಲಿಲ್ಲ, ಕೆರೆ ಏರಿಯ ಮೇಲೆ ಸುತ್ತಿಕೊಂಡು ಬರುತ್ತಿದ್ದರು.

ಅದಾದ ಎರಡೇ ವರ್ಷಕ್ಕೆ ಗುರುವಿನಲ್ಲಿ ನೀರಿಲ್ಲ ಎಂಬ ಸುದ್ದಿ ಓದಿದೆ. ಅಯ್ಯೋ, ಇವರದ್ದೂ ಅದೇ ಕಥೆ ಆಯಿತಲ್ಲ ಎನ್ನಿಸಿತು. ಆದರೆ ಆ ವಿಜ್ಞಾನಿಗಳು ‘ಗುರುವಿನಲ್ಲಿ ನೀರಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ. ಮರಿನೌಕೆ ಇಳಿದ ಜಾಗ ಎಂಥದ್ದು ಎಂದು ಹುಡುಕಿದರು. ಹವಾಯಿ ದ್ವೀಪದ ದೂರದರ್ಶಕದಿಂದ ತೆಗೆದ ಇನ್‌ಫ್ರಾರೆಡ್, ಅಂದರೆ ಅವಕೆಂಪು ಚಿತ್ರಗಳಿದ್ದವು. ಗುರುವಿನ ಸಮಭಾಜಕದ ಸ್ವಲ್ಪ ಉತ್ತರಕ್ಕೆ ಅಲ್ಲಲ್ಲಿ ಮೋಡ ಹರಿದ ಜಾಗಗಳಿವೆ. ಅಲ್ಲಿ ಒಳಗಿನ ಬಿಸಿ ಹೊರಗೆ ಕಾಣುತ್ತದೆ. ಮೇಲಿನಿಂದ ಒಣಗಾಳಿ ಕೆಳಗೆ ಇಳಿಯುವ ತಾಣಗಳು ಅವು. ಇಡೀ ಗ್ರಹದಲ್ಲಿ ಅಂಥ ಜಾಗ ನೂರರಲ್ಲಿ ಒಂದು ಪಾಲೂ ಇಲ್ಲ. ಮರಿನೌಕೆ ಸರಿಯಾಗಿ ಅಂಥದ್ದೇ ಒಂದರ ಅಂಚಿಗೆ ಬಿದ್ದಿತ್ತು! ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದಕ್ಕೆ ಬಿಸಿಲು ಎನ್ನುತ್ತಾರಲ್ಲ ನಮ್ಮ ಹಿರಿಯರು, ಆ ಬಿಸಿಲು ಬಿದ್ದ ಕೊಂಬು ಇದು. ಹಾಗಾಗಿ ನೀರಿನ ಲೆಕ್ಕದ ಮುಂದೆ ಅವರು ಬರೆದದ್ದು ‘ಈ ಜಾಗದಲ್ಲಿ, ಈ ಆಳದವರೆಗೆ’ ಎಂದು. ಒಟ್ಟು ಎಷ್ಟು ಎಂಬ ಪ್ರಶ್ನೆಯನ್ನು ಹಾಗೇ ತೆರೆದಿಟ್ಟರು.

ಹೀಲಿಯಂ ವಿಷಯದಲ್ಲೂ ಹಾಗೇ ಆಯಿತು. ಮೊದಲು ಸೂರ್ಯನಲ್ಲಿ ಇರುವುದಕ್ಕಿಂತ ತೀರ ಕಡಿಮೆ ಎಂದು ಹೇಳಿದರು. ಲೆಕ್ಕ ಮತ್ತೆ ನೋಡಿ ಒಂದೆರಡು ತಿಂಗಳಲ್ಲೇ ತಿದ್ದಿದರು, ತೂಕದಲ್ಲಿ ಶೇಕಡ 24, ಸೂರ್ಯನ ಹತ್ತಿರ ಹತ್ತಿರ ಎಂದು.

ಹಾಗೆಂದು ಆ ಬೋರು ವ್ಯರ್ಥವಾಗಲಿಲ್ಲ. ನೀರು ಸಿಗಲಿಲ್ಲ, ಬೇರೆ ಸಿಕ್ಕಿತು. ಮೋಡದ ಕೆಳಗೆ ಗಾಳಿ ಸುಮ್ಮನಾಗುತ್ತದೆ ಎಂದುಕೊಂಡಿದ್ದರೆ, ಆಳಕ್ಕೆ ಹೋದರೂ ಗಂಟೆಗೆ ಆರುನೂರು ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಬೀಸುತ್ತಿತ್ತು. ಗುರುವಿನ ಗಾಳಿಯನ್ನು ಓಡಿಸುವುದು ಬರೀ ಬಿಸಿಲಲ್ಲ, ಒಳಗಿನ ಕಾವೂ ಇರಬೇಕು ಎಂದು ಇದರಿಂದ ತಿಳಿಯಿತು. ಇದಕ್ಕಿಂತ ದೊಡ್ಡ ಸುದ್ದಿ ನನ್ನ ಲೆಕ್ಕದಲ್ಲಿ ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳದ್ದು. ಯಾರ ಜೊತೆಯೂ ಸೇರದ ಒಂಟಿ ಅನಿಲಗಳು ಅವು. ಸೂರ್ಯನಲ್ಲಿ ಇರುವ ಪ್ರಮಾಣಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿದ್ದವು. ಹಿಮದಲ್ಲಿ ಅವು ಸಿಕ್ಕಿಕೊಳ್ಳಬೇಕಾದರೆ ಈಗ ಗುರು ಇರುವ ಜಾಗಕ್ಕಿಂತ ಎಷ್ಟೋ ಹೆಚ್ಚು ಚಳಿ ಬೇಕು. ಹಾಗಾದರೆ ಗುರುವನ್ನು ಕಟ್ಟಿದ ಸಾಮಾನು ಎಲ್ಲಿಂದ ಬಂತು? ಇದರ ಮೇಲೆ ಇವತ್ತಿಗೂ ವಾದ ನಡೆಯುತ್ತಿದೆ.

ತಾಯಿನೌಕೆ ಆ ಮುರುಕು ಕೊಡೆಯಲ್ಲೇ ಗುರುವನ್ನು ಸುತ್ತುತ್ತ 2003ರವರೆಗೆ ದುಡಿಯಿತು. ಆ ವರ್ಷ ಸೆಪ್ಟೆಂಬರ್ 21ರಂದು ಅದನ್ನೂ ಬೇಕೆಂದೇ ಗುರುವಿನೊಳಗೆ ಬೀಳಿಸಿದರು. ಹಿಮದಡಿ ಸಮುದ್ರವಿರುವ ಯೂರೋಪಾಕ್ಕೆ ಎಂದಾದರೂ ಡಿಕ್ಕಿಯಾಗಿ ಅಲ್ಲಿಗೆ ಭೂಮಿಯ ಕ್ರಿಮಿ ಹತ್ತದಿರಲಿ ಎಂದು.

ನೀರಿನ ಲೆಕ್ಕ? ಅದಕ್ಕೆ ಇನ್ನೊಂದು ನೌಕೆ ಹೋಗಬೇಕಾಯಿತು, ‘ಜುನೊ’. 2011ರಲ್ಲಿ ಹೊರಟು 2016ರಲ್ಲಿ ತಲುಪಿತು. ಅದು ಒಳಗೆ ಬೀಳಲಿಲ್ಲ, ಮೇಲೆ ಹಾರುತ್ತಲೇ ಗುರುವಿನ ಆಳದಿಂದ ಬರುವ ಮೈಕ್ರೋವೇವ್ ಅಲೆಗಳನ್ನು ಅಳೆಯಿತು. 2020ರ ಫೆಬ್ರವರಿಯಲ್ಲಿ ಮೊದಲ ಉತ್ತರ ಬಂತು: ಸಮಭಾಜಕದ ಹತ್ತಿರ ಗಾಳಿಯ ಪ್ರತಿ ಸಾವಿರ ಅಣುಗಳಲ್ಲಿ ಸುಮಾರು ಎರಡೂವರೆ ನೀರಿನವು. ಸೂರ್ಯನ ಲೆಕ್ಕಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಮೂರು ಪಟ್ಟು. ನೀರಿತ್ತು. ಆ ಕೊರೆಸಿದ ಜಾಗದಲ್ಲಿ ಇರಲಿಲ್ಲ, ಅಷ್ಟೇ. ಜುನೊದವರೂ ‘ಸಮಭಾಜಕದ ಹತ್ತಿರ’ ಎಂಬ ಮಾತನ್ನು ಬಿಡದೆ ಸೇರಿಸಿದ್ದಾರೆ.

ಆ ಸುದ್ದಿ ಬಂದಾಗ ಅಪ್ಪ ಇದ್ದರು. ಪತ್ರಿಕೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಇಪ್ಪತ್ತೈದು ವರ್ಷ ಕಾದರಾ?’ ಎಂದರು. ಹೌದು ಎಂದೆ. ‘ಅವರಿಗೆ ಸಾಲ ಇರಲಿಲ್ಲ ಬಿಡು’ ಎಂದು ಎದ್ದು ಹೋದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತೂ ಇಲ್ಲ.

ಹುಳಿ ಆರುತ್ತಿದೆ, ಮುಗಿಸುತ್ತೇನೆ. ಒಂದು ಪ್ರಕಟಣೆ ಮಾತ್ರ. ಸಂಜೆ ಮನರಂಜನೆ ಕಾರ್ಯಕ್ರಮ ಶುರುವಾಗುವ ಮುಂಚೆ ಕೊಕ್ಕೊ ಅಂಕಣದ ಪಕ್ಕ ಒಂದು ದೂರದರ್ಶಕ ಇಡುತ್ತಿದ್ದೇವೆ. ಈ ತಿಂಗಳು ಗುರು ಕತ್ತಲಾಗುತ್ತಲೇ ಮೇಲೆ ರೋಹಿಣಿ ನಕ್ಷತ್ರದ ಹತ್ತಿರ ಕಾಣುತ್ತಾನೆ. ಜೊತೆಗೆ ನಾಲ್ಕು ಚಿಕ್ಕ ಚುಕ್ಕೆಗಳು ಒಂದೇ ಸಾಲಿನಲ್ಲಿರುತ್ತವೆ. ಅಯೊ, ಯೂರೋಪಾ ಅದರಲ್ಲೇ ಇವೆ. ಒಂದು ಎಣಿಕೆಗೆ ಸಿಗದಿದ್ದರೆ ಗುರುವಿನ ಹಿಂದೆಯೋ ಮುಂದೆಯೋ ಇರುತ್ತದೆ. ಮೇಷ್ಟ್ರು ಮೊದಲು ನೋಡಲಿ, ಆಮೇಲೆ ಆರನೇ ತರಗತಿಯ ಮಕ್ಕಳು, ಉಳಿದವರು ಸಾಲಿನಲ್ಲಿ ಬನ್ನಿ. ಮೈದಾನದ ದೀಪ ಆರಿಸಲು ಹೇಳಿದ್ದೇವೆ, ಚಪ್ಪಲಿ ನೋಡಿಕೊಂಡು ಬಿಡಿ.