ಲೆಕ್ಕ ಕೇಳಲು ನಾಚಬೇಡಿ

(ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಹಣದ ಕುರಿತು ಮಾತನಾಡುವಾಗ ಶಿವಾಜಿನಗರವನ್ನು ಮರೆಯಲಾಗದು. 2019ರ ಜೂನ್‌ನಲ್ಲಿ ಇಲ್ಲಿನ ಐಎಂಎ ಸಂಸ್ಥೆಯ ಕಚೇರಿಯ ಮುಂದೆ ಸಾವಿರಾರು ಮಂದಿ ಕಂಗಾಲಾಗಿ ನೆರೆದಿದ್ದರು. ಮಗಳ ಮದುವೆಗೆ ಕೂಡಿಟ್ಟದ್ದು, ನಿವೃತ್ತಿಯ ಹಣ, ಒಡವೆ ಮಾರಿದ ಮೊತ್ತ ಎಲ್ಲವೂ ಅಲ್ಲಿ ಸಿಲುಕಿತ್ತು. ಬಡ್ಡಿಯಲ್ಲ, ಹಲಾಲ್ ಲಾಭ ಎಂಬ ಭರವಸೆಯೇ ಅನೇಕರಿಗೆ ಸಾಕಾಗಿತ್ತು. ವರ್ಷಗಟ್ಟಲೆ ವ್ಯಾಪಾರದಲ್ಲಿದ್ದ ನಮ್ಮಂಥವರು ಆಗ ಎಚ್ಚರಿಸಬೇಕಿತ್ತು, ಎಚ್ಚರಿಸಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇವೆ.

ಒಂದು ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ ಕೊಡುತ್ತೇವೆ ಎಂದರೆ ಅದು ವರ್ಷಕ್ಕೆ ಶೇ. 36. ರಸೆಲ್ ಮಾರುಕಟ್ಟೆಯ ಯಾವ ವ್ಯಾಪಾರಿಗೆ ಹನ್ನೆರಡು ತಿಂಗಳೂ ಅಷ್ಟು ಲಾಭ ತಪ್ಪದೆ ದೊರೆಯುತ್ತದೆ? ರಮಝಾನಿನಲ್ಲಿ ತುಂಬಿದ ಗಲ್ಲಾ ಮಳೆಗಾಲದಲ್ಲಿ ಬರಿದಾಗುವುದುಂಟು. ಪಾಲುದಾರಿಕೆಯೆಂದರೆ ನಷ್ಟದಲ್ಲೂ ಪಾಲು. ನಷ್ಟವನ್ನೇ ಕಾಣದ ಪಾಲುದಾರಿಕೆಯಲ್ಲಿ ಹೊಸಬರ ಹಣವೇ ಹಳಬರ ಲಾಭವಾಗಿ ಹಂಚಿಕೆಯಾಗುತ್ತಿರಬಹುದು.

ಆದ್ದರಿಂದ ಮೊದಲು ನಿಮ್ಮ ಖರ್ಚನ್ನು ಪ್ರತಿದಿನ ಬರೆದಿಡಿ. ತುರ್ತಿಗೆಂದು ಮೂರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಡಿ. ಅಲ್ಲಿನ ಠೇವಣಿಗೆ 2020ರಿಂದ ಐದು ಲಕ್ಷದವರೆಗೆ ವಿಮೆಯಿದೆ. ಹಣ ಕೇಳುವ ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಅಥವಾ ಸೆಬಿಯ ನೋಂದಣಿಯಿದೆಯೇ ಎಂದು ನೀವೇ ಪರಿಶೀಲಿಸಿ. ಕಮಿಷನ್ನಿನ ಆಸೆಗೆ ನೆರೆಮನೆಯವರನ್ನು ಎಳೆದು ತರಬೇಡಿ.

ಸಜ್ಜನರ ಶಿಫಾರಸು, ವೇದಿಕೆಯ ಮೇಲಿನ ಗಣ್ಯರು, ದಾನಧರ್ಮದ ಸುದ್ದಿ ಇವಾವುವೂ ಲೆಕ್ಕಪತ್ರಕ್ಕೆ ಬದಲಿಯಾಗಲಾರವು. ಹಲಾಲ್ ಎಂಬ ಪದವನ್ನು ಗೌರವಿಸುವವರು ಲೆಕ್ಕ ಕೇಳಲು ನಾಚಬಾರದು. ನಿಮ್ಮ ತಾಯಿ ಬಳೆ ಮಾರುವ ಮೊದಲು ಆ ಪ್ರಶ್ನೆಯನ್ನು ನೀವು ಕೇಳಿರಬೇಕು.